ಬಿಳಿ ಮಚ್ಚೆ ಮತ್ತು ಯಾಜಕನ ಕಣ್ಣು

ಹಳೆಯ ಒಡಂಬಡಿಕೆಯ ಯಾಜಕಕಾಂಡದ 13ನೇ ಅಧ್ಯಾಯವನ್ನು ಪೂರ್ತಿಯಾಗಿ ಓದುವವರು ವಿರಳ. ಬಾವು, ಗುಳ್ಳೆ, ಹೊಳೆಯುವ ಮಚ್ಚೆ ಎಂದು ಸಾಗುವ ಆ ಪುಟಗಳನ್ನು ನೀವೂ ಬೇಗನೆ ಮಗುಚಿರಬಹುದು. ಆದರೆ ಚರ್ಮದ ವ್ಯಾಧಿಯನ್ನು ನೋಟದಿಂದ ಗುರುತಿಸಲು ಮಾನವನು ಬರೆದಿಟ್ಟ ಪ್ರಾಚೀನ ಕ್ರಮಗಳಲ್ಲಿ ಅದೂ ಒಂದು. ಅಲ್ಲಿ ಪರೀಕ್ಷಿಸುವವನು ವೈದ್ಯನಲ್ಲ, ಯಾಜಕ. ಮಚ್ಚೆಯ ಮೇಲಿನ ರೋಮ ಬೆಳ್ಳಗಾಗಿದೆಯೇ, ಮಚ್ಚೆಯು ಸುತ್ತಲಿನ ಚರ್ಮಕ್ಕಿಂತ ಆಳವಾಗಿ ಕಾಣುತ್ತದೆಯೇ ಎಂದು ಅವನು ನೋಡಬೇಕು. ಸಂದೇಹವಿದ್ದರೆ ಆ ವ್ಯಕ್ತಿಯನ್ನು ಏಳು ದಿನ ಪ್ರತ್ಯೇಕವಾಗಿರಿಸಿ ಮತ್ತೆ ನೋಡಬೇಕು. ಆಗಲೂ ತಿಳಿಯದಿದ್ದರೆ ಇನ್ನೂ ಏಳು ದಿನ. ಮಚ್ಚೆ ಹರಡದೆ ಮಂಕಾಗಿದ್ದರೆ ಅವನು ಬಟ್ಟೆ ಒಗೆದುಕೊಂಡು ಮನೆಗೆ ಹೋಗಬಹುದಿತ್ತು. ನಮ್ಮ ಊರುಗಳಲ್ಲಿ ಬಿಳಿ ಮಚ್ಚೆಯೊಂದು ಕಂಡೊಡನೆ ಏಳುವ ಗುಸುಗುಸುವಿಗಿಂತ ಇದು ಎಷ್ಟೋ ಮೇಲು!

ಇನ್ನೊಂದು ಸೋಜಿಗವುಂಟು. ಅಡಿಯಿಂದ ಮುಡಿಯವರೆಗೂ ಬೆಳ್ಳಗಾದವನನ್ನು, ಹಸಿಮಾಂಸ ಕಾಣದಿದ್ದಲ್ಲಿ, ಶುದ್ಧನೆಂದೇ ಸಾರಬೇಕಿತ್ತು. ಅದೇ ವ್ಯಾಧಿ ಬಟ್ಟೆಗೂ ಮನೆಯ ಗೋಡೆಗೂ ತಗಲಬಹುದೆಂದು ಗ್ರಂಥ ಹೇಳುತ್ತದೆ. ಗೋಡೆಗೆ ಕುಷ್ಠ ಬರುವುದುಂಟೇ? ಇಲ್ಲಿರುವ ಹೀಬ್ರೂ ಪದ 'ತ್ಸಾರಾಅತ್' ಒಂದೇ ರೋಗದ ಹೆಸರಲ್ಲ. ಸೋರಿಯಾಸಿಸ್, ಶಿಲೀಂಧ್ರದ ಸೋಂಕು, ತೊನ್ನು ಮೊದಲಾದವೆಲ್ಲ ಅದರಲ್ಲಿ ಅಡಕವಾಗಿರಬಹುದೆಂದು ವಿದ್ವಾಂಸರು ಭಾವಿಸುತ್ತಾರೆ.

ತೊಡಕು ಬಂದದ್ದು ಅನುವಾದದಲ್ಲಿ. ಗ್ರೀಕ್ ಅನುವಾದಕರು ಅದನ್ನು 'ಲೆಪ್ರಾ' ಎಂದರು. ಪೊರೆ ಏಳುವ ಚರ್ಮ ಎಂದು ಅದರ ಭಾವ. ಇಂದು ನಾವು ಕುಷ್ಠವೆನ್ನುವ ರೋಗಕ್ಕೆ ಗ್ರೀಕ್ ವೈದ್ಯರು ಇಟ್ಟಿದ್ದು ಆನೆಗೆ ಸಂಬಂಧಿಸಿದ ಬೇರೆಯೇ ಹೆಸರು. ಮಧ್ಯಯುಗದ ಲತೀನ್ ವೈದ್ಯಗ್ರಂಥಗಳಲ್ಲಿ 'ಲೆಪ್ರಾ' ಎಂಬುದು ಈ ರೋಗಕ್ಕೂ ಅಂಟಿಕೊಂಡಿತು. ಮೋಶೆಯ ನಿಯಮದಲ್ಲಿದ್ದ ಅಶುದ್ಧತೆಯ ಹೊರೆಯೆಲ್ಲ ಆ ರೋಗಿಯ ತಲೆಗೇರಿತು. 1179ರ ಮೂರನೇ ಲ್ಯಾಟೆರನ್ ಮಹಾಸಭೆಯು ಕುಷ್ಠರೋಗಿಗಳಿಗೆ ಸ್ವಂತ ದೇವಾಲಯ, ಸ್ವಂತ ಸ್ಮಶಾನ, ಸ್ವಂತ ಗುರುಗಳಿರಲೆಂದು ಅನುಮತಿಸಿತು. ಕರುಣೆಯ ಮಾತೇ ಸರಿ, ಆದರೆ ದೂರವಿಡುವ ಕರುಣೆ. ನಮ್ಮಲ್ಲೂ ಗೊಂದಲ ಕಡಿಮೆಯೇನಿಲ್ಲ. ಆಯುರ್ವೇದದಲ್ಲಿ 'ಕುಷ್ಠ' ಎಂಬುದು ಹಲವು ಚರ್ಮವ್ಯಾಧಿಗಳ ಒಟ್ಟು ಹೆಸರು. ತೊನ್ನನ್ನು 'ಬಿಳಿ ಕುಷ್ಠ' ಎನ್ನುವ ರೂಢಿ ಇಂದಿಗೂ ಇದೆ.

1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದರು. ಅದೇ ವರ್ಷ ಬೆಲ್ಜಿಯಂನ ಫಾದರ್ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ನೆಲೆಸಿದರು. 1884ರ ಡಿಸೆಂಬರಿನಲ್ಲಿ ಅವರು ಪಾದವನ್ನು ಕುದಿಯುವ ನೀರಿಗೆ ಇಟ್ಟಾಗ ಚರ್ಮ ಬೊಬ್ಬೆಯೆದ್ದಿತು, ಬಿಸಿ ಮಾತ್ರ ತಿಳಿಯಲಿಲ್ಲ. ಯಾಜಕಕಾಂಡದ ಕಣ್ಣಿಗೆ ಗೋಚರಿಸದ ಲಕ್ಷಣ ಇದೇ: ಸ್ಪರ್ಶಜ್ಞಾನದ ನಾಶ. ಡೇಮಿಯನ್ 1889ರಲ್ಲಿ ನಿಧನರಾದರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಆದುದರಿಂದ ಮನೆಯಲ್ಲಿ ಯಾರಿಗಾದರೂ ಮಚ್ಚೆ ಕಂಡರೆ ಬಣ್ಣವನ್ನಷ್ಟೇ ನೋಡಬೇಡಿ. ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ; ಮಾಸಲು ಅಥವಾ ಕೆಂಪು ಛಾಯೆಯದು, ಹಲವೊಮ್ಮೆ ಅಲ್ಲಿ ಹತ್ತಿಯ ಎಳೆ ಸೋಕಿದರೂ ಅರಿವಾಗದು. ತೊನ್ನಿನ ಮಚ್ಚೆ ಅಚ್ಚ ಬಿಳುಪು, ಅಂಚು ಸ್ಪಷ್ಟ, ಸ್ಪರ್ಶಜ್ಞಾನ ಪೂರ್ಣ. ಅದು ಯಾರಿಗೂ ಅಂಟದು. ಎದೆ, ಬೆನ್ನಿನ ಮೇಲೆ ಸಣ್ಣ ಹೊಟ್ಟು ಏಳುವ ಚಿಬ್ಬು ಶಿಲೀಂಧ್ರದಿಂದಾದದ್ದು. ಮೊಣಕೈ, ಮೊಣಕಾಲಿನಲ್ಲಿ ಬೆಳ್ಳಿಯಂಥ ದಪ್ಪ ಪೊರೆ ಎದ್ದರೆ ಸೋರಿಯಾಸಿಸ್ ಇರಬಹುದು. ಕೊನೆಯ ತೀರ್ಮಾನ ವೈದ್ಯರದೇ. ಕುಷ್ಠವೇ ಆಗಿದ್ದರೂ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ಅದು ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ.

2019ರಲ್ಲಿ ಭಾರತದ ಸಂಸತ್ತು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕುಷ್ಠವನ್ನು ತೆಗೆದುಹಾಕಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯಿದೆಯೂ ಅದರಲ್ಲಿ ಸೇರಿದೆ. ತೊನ್ನು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಆದರೂ ಹೆಣ್ಣು ನೋಡಲು ಬರುವ ದಿನ ಮಗಳಿಗೆ ಉದ್ದ ತೋಳಿನ ರವಿಕೆಯನ್ನೇ ತೊಡಿಸುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಇದ್ದಾರೆ.