ರೋಸ್‌ಗೆ ಗುಮಟೆ, ಮರುದಿನ ಬೈಲಾ

ಮೂವತ್ತು ವರ್ಷ ಮಂಗಳೂರಿನ ಮದುವೆಗಳಲ್ಲಿ ಟ್ರಂಪೆಟ್ ಊದಿದವನು ನಾನು. ಮಂದಿ ಎಷ್ಟೇ ಬಿಗುಮಾನದಿಂದ ಕೂತಿರಲಿ, ಬೈಲಾ ಎತ್ತಿಕೊಂಡರೆ ಕುರ್ಚಿಗಳು ಖಾಲಿ. ಮಂಡಿನೋವಿನ ಮಾವ್ಶಿಯಂದಿರೂ ನೆರಿಗೆ ಎತ್ತಿ ಹಿಡಿದು ಬರುತ್ತಾರೆ. ಆರೆಣಿಕೆಯ ತಾಳ ಅದು. ಸೊಂಟ ಅದನ್ನು ಮೂರರ ಲೆಕ್ಕದಲ್ಲಿ ಹಿಡಿದರೆ ಪಾದ ಎರಡರ ಲೆಕ್ಕದಲ್ಲಿ ಹಿಡಿಯುತ್ತದೆ.

ನಡುವೆ ಎರಡು ವರ್ಷ ಹಡಗಿನ ಬ್ಯಾಂಡಿನಲ್ಲಿದ್ದೆ. ಕೊಲಂಬಿಯಾದ ಕಾರ್ತಹೇನಾ ಬಂದರಿನಲ್ಲಿ ಒಂದು ಸಂಜೆ ಕುಂಬಿಯಾ ನೋಡಿದೆ. ಉದ್ದ ಲಂಗದ ಹೆಂಗಸರು ಉರಿಯುವ ಮೇಣದಬತ್ತಿ ಹಿಡಿದು, ಪಾದ ಎತ್ತದೆ ಜಾರಿಸುತ್ತ ವೃತ್ತದಲ್ಲಿ ಸುತ್ತುತ್ತಿದ್ದರು. ಡೋಲು ಆಫ್ರಿಕದ ಗುಲಾಮರದು, ಗಾಯ್ತಾ ಕೊಳಲು ಅಲ್ಲಿನ ಮೂಲನಿವಾಸಿಗಳದು, ಲಂಗ ಸ್ಪೇನಿನದು. ತಾಳ ನಮ್ಮದಲ್ಲ. ಆದರೆ ಆ ಬೆರಕೆಯ ಗುರುತು ನನಗೆ ತಕ್ಷಣ ಹತ್ತಿತು.

ಬೈಲಾದ ಕಥೆಯೂ ಹಾಗೇ. ಪೋರ್ಚುಗೀಸಿನಲ್ಲಿ ‘ಬೈಲಾರ್’ ಎಂದರೆ ಕುಣಿಯುವುದು. ಪೋರ್ಚುಗೀಸರು ಸಿಲೋನಿಗೆ ಕರೆತಂದ ಆಫ್ರಿಕದವರ ಕುಣಿತಕ್ಕೆ ಸಿಂಹಳದ ಮಾತು ಸೇರಿ ಬೈಲಾ ಬೆಳೆಯಿತು. ಅದನ್ನು ಮನೆಮಾತು ಮಾಡಿದ ವಾಲಿ ಬಾಸ್ಟಿಯನ್ ಒಬ್ಬ ಪೊಲೀಸ್. ಗೋವಾ, ಮಂಗಳೂರಿನ ಕ್ರೈಸ್ತರು ಅದಕ್ಕೆ ಕೊಂಕಣಿ ತೊಡಿಸಿದರು.

ನಮ್ಮ ಕೆಲವು ಹಿರಿಯರಿಗೆ ಇದು ಪರದೇಶಿ ಗದ್ದಲ. ಗುಮಟೆ ಮಾತ್ರ ನಮ್ಮದಂತೆ. ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಉಡದ ಚರ್ಮ, ಸಣ್ಣ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದರೆ ನಾದ ಉಬ್ಬಿ ತಗ್ಗುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಉಡ ಹೋಗಿ ಆಡಿನ ಚರ್ಮ ಬಂತು. ಅಜ್ಜನ ಗುಮಟೆ ಕೇಳಿದ ಕಿವಿಗೆ ಆಡಿನದು ಸ್ವಲ್ಪ ಮಂಕು, ಏನು ಮಾಡುವುದು. ಮದುವೆಯ ಹಿಂದಿನ ದಿನ ರೋಸ್. ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹೆಂಗಸರು ವೊವಿಯೊ ಎಂಬ ಹಾಡು ಹೇಳುತ್ತಾರೆ, ಗುಮಟೆ ಜೊತೆಗಿರುತ್ತದೆ.

ಆ ವೊವಿಯೊ ಸುಮ್ಮನೆ ಉಳಿದದ್ದಲ್ಲ. 1736ರಲ್ಲಿ ಗೋವಾದ ಇಂಕ್ವಿಸಿಶನ್ ಹೊರಡಿಸಿದ ಆಜ್ಞೆ ಮದುವೆಗಳಲ್ಲಿ ಅದನ್ನು ಹಾಡಲೇಕೂಡದು ಎಂದಿತು. ಹಾಡಿದರು. ಟಿಪ್ಪುವಿನ ಕಾಲದಲ್ಲಿ ನಮ್ಮವರ ಶ್ರೀರಂಗಪಟ್ಟಣದ ಸೆರೆ 1784ರಿಂದ 1799ರವರೆಗೆ ನಡೆಯಿತು. ಮರಳಿದವರ ಮಕ್ಕಳು, ಮೊಮ್ಮಕ್ಕಳೂ ಹಾಡಿದರು. ನನಗೆ ಮೋಜೆನಿಸುವುದು ಇದು: ನಮ್ಮ ಹಾಡನ್ನು ನಿಷೇಧಿಸಿದವರ ಭಾಷೆಯಿಂದಲೇ ನಮ್ಮ ಕುಣಿತದ ಹೆಸರು ಬಂದಿದೆ, ಒಂದೇ ಮನೆಯವರು ಒಂದು ರಾತ್ರಿ ಅದನ್ನು ಹಾಡಿ ಮರುದಿನ ಇದನ್ನು ಕುಣಿಯುತ್ತಾರೆ.

1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆ ಗುಮಟೆಯನ್ನು ವೇದಿಕೆಗೆ ಏರಿಸಿತು. ಒಳ್ಳೆಯದೇ. ಆದರೆ ಗುಮಟೆಯನ್ನು ಅಂಗಳದಲ್ಲೇ ಕೇಳಬೇಕು.

ಕಳೆದ ಮೇ ತಿಂಗಳಲ್ಲಿ ತಮ್ಮನ ಮಗಳ ರೋಸ್. ಕೊನೆಯ ವೊವಿ ಮುಗಿದಿತ್ತು, ಮದುಮಗಳ ಮೊಣಕೈಯಿಂದ ತೆಂಗಿನಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು. ಗುಮಟೆ ಹಿಡಿದಿದ್ದ ಹುಡುಗ ನನ್ನತ್ತ ಒಮ್ಮೆ ನೋಡಿ, ಮೆಲ್ಲಗೆ ಆರೆಣಿಕೆಗೆ ಹೊರಳಿದ. ಮೊದಲು ಎದ್ದವಳು ಮದುಮಗಳೇ.