ಪ್ಲಾಸ್ಟಿಕ್ ಹಾಳೆಯೊಳಗಿನ ಕಲ್ಲುಪುಡಿ

ಮಗುವಿಗೆ ಹಾಕುವ ಡಯಾಪರಿನ ಹೊರಪದರದಲ್ಲಿ ಒಂದು ತೆಳು ಬಿಳಿ ಫಿಲ್ಮ್ ಇರುತ್ತದೆ. ಒಳಗಿನ ತೇವವನ್ನು ಅದು ಹೊರಕ್ಕೆ ಸೋರಗೊಡುವುದಿಲ್ಲ, ಆದರೆ ಬೆವರಿನ ಆವಿಯನ್ನು ಬಿಡುತ್ತದೆ. ಇಂಥ ಫಿಲ್ಮಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸುಣ್ಣದಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಉಳಿದದ್ದು ಪಾಲಿಥೀನ್. ಖರ್ಚು ಉಳಿಸಲು ಬೆರೆಸುತ್ತಿದ್ದ ಪುಡಿ ಇಲ್ಲಿಯವರೆಗೆ ಬಂದದ್ದು ಹೇಗೆ ಎಂಬುದು ಸ್ವಾರಸ್ಯದ ಕಥೆ. ಅದರಲ್ಲಿ ಪುಡಿಗಿಂತ ಪುಡಿಗೆ ಹಚ್ಚುವ ಲೇಪದ್ದೇ ಮುಖ್ಯ ಪಾತ್ರ.

ಬೆರಕೆ ಹೊಸದೇನಲ್ಲ. ಕಳೆದ ಶತಮಾನದ ಆರಂಭದ ಬೇಕೆಲೈಟಿಗೆ ಮರದ ಪುಡಿ ಹಾಕುತ್ತಿದ್ದರು. ಟೈರಿನ ರಬ್ಬರಿಗೆ ಬೆರೆಸಿದ ಕಾರ್ಬನ್ ಬ್ಲ್ಯಾಕ್, ಬೆರಕೆಯಿಂದ ಬಲವೂ ಬರಬಹುದೆಂದು ತೋರಿಸಿತು. ಇಂಗ್ಲೆಂಡಿನ ಐಸಿಐ ಕಂಪನಿಯ ಫಾಸೆಟ್ ಮತ್ತು ಗಿಬ್ಸನ್ ಪಾಲಿಥೀನನ್ನು ಕಂಡದ್ದು 1933ರಲ್ಲಿ. ಪ್ಲಾಸ್ಟಿಕ್ ಅಗ್ಗವಾಗಿ ಹರಡಿದ ಮೇಲೂ ಬಹುಕಾಲ ಫಿಲ್ಲರ್, ಅಂದರೆ ಬೆರಕೆಯ ಪುಡಿ, ಪ್ಲಾಸ್ಟಿಕ್ ಉಳಿಸುವ ಉಪಾಯ ಎಂದೇ ಭಾವನೆ. ಆ ಭಾವನೆ ಈಗಲೂ ಪೂರ್ತಿ ಹೋಗಿಲ್ಲ.

ಕುರ್ಚಿ, ಬಕೆಟ್ಟುಗಳಲ್ಲಿ ಒರಟು ಪುಡಿ ನಡೆದೀತು. ಫಿಲ್ಮಿನಲ್ಲಿ ನಡೆಯುವುದಿಲ್ಲ. ಕೋಲಾರದ ಟೊಮೆಟೊ ಹೊಲದಲ್ಲಿ ಹಾಸುವ ಮಲ್ಚಿಂಗ್ ಶೀಟಿನ ದಪ್ಪ ಸುಮಾರು 25 ಮೈಕ್ರಾನ್. ಅದರೊಳಗೆ 20 ಮೈಕ್ರಾನಿನ ಒಂದು ಗಂಟು ಸಿಕ್ಕಿದರೂ ಅಲ್ಲೇ ತೂತು. ಆದ್ದರಿಂದ ಫಿಲ್ಮಿಗೆ ಬೇಕಾದದ್ದು ಒಂದೆರಡು ಮೈಕ್ರಾನಿನ ನುಣುಪು ಪುಡಿ. ನುಣುಪಾದಷ್ಟೂ ಇನ್ನೊಂದು ತಾಪತ್ರಯ: ಕಣಗಳು ಒಂದಕ್ಕೊಂದು ಅಂಟಿ ಮತ್ತೆ ಗಂಟಾಗುತ್ತವೆ. ಕಲ್ಲಿನ ಮೈ ನೀರನ್ನು ಇಷ್ಟಪಡುವಂಥದ್ದು, ಪಾಲಿಥೀನಿನದು ಮೇಣದ ಜಾತಿ. ಎರಡೂ ಬೆರೆಯಲು ಒಪ್ಪುವುದಿಲ್ಲ.

ಇದಕ್ಕೆ ಸಿಕ್ಕ ಮದ್ದು ಸೋಪು, ಮೇಣದಬತ್ತಿ ಮಾಡುವವರಿಗೆ ಹಳೆಯ ಪರಿಚಯದ ಸ್ಟಿಯರಿಕ್ ಆಮ್ಲ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ಇದನ್ನು ಬಿಸಿ ಮಿಕ್ಸರಿನಲ್ಲಿ ರಭಸವಾಗಿ ತಿರುಗುವ ಪುಡಿಯ ಮೇಲೆ ಬಿಡುತ್ತಾರೆ. ಅಣುವಿನ ಆಮ್ಲದ ತುದಿ ಕಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿಕೊಳ್ಳುತ್ತದೆ. 18 ಕಾರ್ಬನ್ನುಗಳ ಸರಪಳಿಯ ಬಾಲ ಹೊರಕ್ಕೆ ಚಾಚಿ ನಿಲ್ಲುತ್ತದೆ. ಕಣದ ಮೈ ಈಗ ಪಾಲಿಥೀನಿಗೆ ನೆಂಟನಂತೆ ಕಾಣುತ್ತದೆ. ಎಷ್ಟು ಹಾಕಬೇಕೆಂಬುದಕ್ಕೂ ಲೆಕ್ಕವಿದೆ: ಗ್ರಾಂಗೆ 5 ಚದರ ಮೀಟರ್ ಮೈ ಇರುವ ಪುಡಿಗೆ ಒಂದೇ ಅಣುವಿನ ಪದರ ಹೊದಿಸಲು ತೂಕದ ಶೇ. 1ಕ್ಕಿಂತ ತುಸು ಹೆಚ್ಚು ಸಾಕು. ಮೀರಿದರೆ ಉಳಿದ ಆಮ್ಲ ಎಕ್ಸ್‌ಟ್ರೂಡರಿನಲ್ಲಿ ಹೊಗೆಯಾಗಿ, ಡೈ ಬಾಯಿಯಲ್ಲಿ ಜಿಡ್ಡಾಗಿ ಕಾಡುತ್ತದೆ. ಲೇಪ ಹಿಡಿಯಿತೋ ಇಲ್ಲವೋ ನೋಡಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಒಂದು ಚಮಚ ಪುಡಿಯನ್ನು ನೀರಿನ ಲೋಟಕ್ಕೆ ಹಾಕಿ ಕದಡಿದರೆ ಬೋಳು ಪುಡಿ ನೀರನ್ನು ಹಾಲಿನಂತೆ ಮಾಡಿ ತಳಕ್ಕಿಳಿಯುತ್ತದೆ, ಲೇಪವಿರುವುದು ತೇಲಿಕೊಂಡೇ ಇರುತ್ತದೆ. ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಕದ ಕಲ್ಲು ಹೀಗೆ ತೇಲುವುದನ್ನು ಒಮ್ಮೆ ನೋಡಬೇಕು.

ಹಾಗಾದರೆ ಕಣವೂ ಪಾಲಿಥೀನೂ ಗಟ್ಟಿಯಾಗಿ ಅಂಟಿಕೊಂಡವೇ? ಇಲ್ಲ. ಸ್ಟಿಯರಿಕ್ ಲೇಪ ಕಣಗಳನ್ನು ಬಿಡಿಸಿ ಹರಡುತ್ತದೆ, ಹಿಡಿತವನ್ನು ಮಾತ್ರ ಸಡಿಲಗೊಳಿಸುತ್ತದೆ. ಬಲ ಬೇಕೆನ್ನುವವರಿಗೆ ಇದು ಕೊರತೆ. ಉಸಿರಾಡುವ ಫಿಲ್ಮ್ ಮಾಡುವವರಿಗೆ ಇದೇ ಬಂಡವಾಳ. ಪುಡಿ ತುಂಬಿದ ಫಿಲ್ಮನ್ನು ಹಿಡಿದೆಳೆದಾಗ ಪ್ಲಾಸ್ಟಿಕ್ ಹಿಗ್ಗುತ್ತದೆ, ಕಲ್ಲು ಹಿಗ್ಗುವುದಿಲ್ಲ. ಪ್ರತಿ ಕಣದ ಸುತ್ತಲೂ ಪ್ಲಾಸ್ಟಿಕ್ ಬಿಟ್ಟುಕೊಂಡು ಸಣ್ಣ ಪೊಳ್ಳಾಗುತ್ತದೆ. ಪೊಳ್ಳುಗಳು ಒಂದಕ್ಕೊಂದು ಸೇರಿ ಡೊಂಕು ದಾರಿಗಳಾಗುತ್ತವೆ. ಆವಿ ಅದರಲ್ಲಿ ನುಸುಳುತ್ತದೆ. ನೀರಿನ ಹನಿ ಮೇಲ್ಮೈ ಎಳೆತದಿಂದಾಗಿ ಅಷ್ಟು ಕಿರಿದಾದ, ಮೇಣದಂಥ ಗೋಡೆಯ ಕಿಂಡಿಯನ್ನು ಹೊಗಲಾರದು. ಚಾಕೊಲೇಟ್, ಐಸ್‌ಕ್ರೀಂ ಸುತ್ತುವ ಮುತ್ತಿನ ಹೊಳಪಿನ ಪಾಲಿಪ್ರೊಪಿಲೀನ್ ಹಾಳೆಯಲ್ಲೂ ಇಂಥದೇ ಪೊಳ್ಳುಗಳಿವೆ. ಅಲ್ಲಿ ಅವು ಮುಚ್ಚಿರುತ್ತವೆ, ಬೆಳಕನ್ನು ಚದುರಿಸಿ ಬಿಳುಪು ಕೊಡುತ್ತವೆ. ಕಲ್ಲು ಬೆರೆಸಿಯೂ ಆ ಹಾಳೆ ನೀರಿಗಿಂತ ಹಗುರ.

ಹಿಡಿತ ಬಿಗಿಯಾಗಲಿ ಎಂದವರು ಬೇರೆ ದಾರಿ ಹಿಡಿದರು. ಗಾಜಿನ ನಾರಿಗೆಂದು ಬೆಳೆದ ಸಿಲೇನ್ ರಸಾಯನಗಳನ್ನು ಅಮೆರಿಕದ ಡೌ ಕಾರ್ನಿಂಗ್ ಕಂಪನಿಯ ಎಡ್ವಿನ್ ಪ್ಲೂಡೆಮನ್ ದಶಕಗಳ ಕಾಲ ಅಭ್ಯಸಿಸಿದರು. ಸಿಲೇನ್ ಸಿಲಿಕಾ, ಕೆಓಲಿನ್ ಜೇಡಿಗಳ ಮೇಲೆ ಚೆನ್ನಾಗಿ ಕೂರುತ್ತದೆ, ಸುಣ್ಣದಕಲ್ಲಿನ ಮೇಲೆ ಅಷ್ಟಾಗಿ ಇಲ್ಲ. 1970ರ ದಶಕದಲ್ಲಿ ಇದೇ ಕೆಲಸಕ್ಕೆ ಟೈಟನೇಟುಗಳು ಬಂದವು.

ಆಮೇಲೆ ನ್ಯಾನೊ ಜ್ವರ. 1980ರ ದಶಕದ ಕೊನೆಗೆ ಜಪಾನಿನ ಟೊಯೋಟಾ ಸಂಶೋಧನಾಲಯದವರು ಮಾಂಟ್‌ಮೊರಿಲೊನೈಟ್ ಜೇಡಿಯ ಪದರಗಳ ನಡುವೆ ಅಮೈನೊ ಆಮ್ಲ ತೂರಿಸಿ, ಪದರಗಳನ್ನು ನೈಲಾನಿನಲ್ಲಿ ಬಿಡಿಬಿಡಿಯಾಗಿ ಹರಡಿದರು. ಶೇ. 5ಕ್ಕೂ ಕಡಿಮೆ ಜೇಡಿಯಲ್ಲಿ ನೈಲಾನ್ ಬಿಸಿಗೆ ಬಾಗುವ ಮಟ್ಟ 65 ಡಿಗ್ರಿಯಿಂದ 140 ಡಿಗ್ರಿ ದಾಟಿತು. ಚಪ್ಪಟೆ ಪದರಗಳನ್ನು ಸುತ್ತಿಕೊಂಡು ಹೋಗಬೇಕಾದ ಅನಿಲಕ್ಕೆ ದಾರಿ ಉದ್ದವಾಗುತ್ತದೆಂದು 1967ರಲ್ಲೇ ಲಾರೆನ್ಸ್ ನೀಲ್ಸನ್ ಲೆಕ್ಕ ಬರೆದಿದ್ದರು. ಆಹಾರ ಕೆಡದಂತೆ ಕಾಯುವ ಫಿಲ್ಮುಗಳಿಗೆ ಇದೇ ಮುಂದಿನ ದಾರಿ ಎಂಬ ಉತ್ಸಾಹ ಹಬ್ಬಿತು. ನೈಲಾನಿಗೆ ಹೊಂದಿದ ಉಪಾಯ ಪಾಲಿಥೀನಿಗೆ ಹೊಂದಲಿಲ್ಲ. ಅದರ ಜೊತೆ ಮ್ಯಾಲಿಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಮರನ್ನೂ ಬೆರೆಸಬೇಕು. ಆಗಲೂ ಪದರಗಳು ಪೂರ್ತಿ ಬಿಡುವುದು ಅಪರೂಪ. ಪ್ರಬಂಧಗಳು ರಾಶಿಯಾದವು, ಅಂಗಡಿಗೆ ಬಂದದ್ದು ಕಡಿಮೆ. ನನ್ನ ಮಟ್ಟಿಗೆ, ಅಗ್ಗದ ಸ್ಟಿಯರಿಕ್ ಲೇಪ ನಿಜವಾದ ಕೆಲಸಗಾರ. ನ್ಯಾನೊ ಜೇಡಿ ಕೆಲವೇ ಕಡೆ ಸಲ್ಲುವ ಪರಿಣತ.

ಸುಣ್ಣದಕಲ್ಲಿಗೆ ಇನ್ನೂ ಒಂದೆರಡು ಗುಣಗಳಿವೆ. ಅದು ಪಾಲಿಥೀನಿಗಿಂತ ಬೇಗ ಶಾಖ ಸಾಗಿಸುವುದರಿಂದ ಫಿಲ್ಮ್ ಬೇಗ ತಣಿಯುತ್ತದೆ, ಯಂತ್ರ ಜೋರಾಗಿ ಓಡುತ್ತದೆ. ಅಕ್ಕಿ, ಸಿಮೆಂಟಿನ ನೇಯ್ದ ಚೀಲಗಳ ಪಟ್ಟಿ ಉದ್ದಕ್ಕೆ ಸೀಳದಂತೆ ತಡೆಯಲೂ ಇದೇ ಪುಡಿ ಹಾಕುತ್ತಾರೆ. ಜೇಡಿಗೂ ಇಂಥದೊಂದು ಗುಣವಿದೆ: ಪಾಲಿಹೌಸಿನ ಹೊದಿಕೆಗೆ ಬೆರೆಸಿದಾಗ ಅದು ರಾತ್ರಿ ನೆಲದ ಶಾಖ ಆಕಾಶಕ್ಕೆ ಸೋರುವುದನ್ನು ತಗ್ಗಿಸುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ತೂಕದ ವಿಷಯ ಹೇಳಲೇಬೇಕು. ಕಲ್ಲಿನ ಸಾಂದ್ರತೆ 2.7, ಪಾಲಿಥೀನಿನದು 0.92. ಪಾಲಿಥೀನಿಗೆ ಶೇ. 12ರಷ್ಟು ಪುಡಿ ಸೇರಿದರೆ ಸಾಕು, ಅದು ನೀರಲ್ಲಿ ಮುಳುಗುತ್ತದೆ. ಮರುಬಳಕೆ ಘಟಕಗಳ ತೊಟ್ಟಿಯಲ್ಲಿ ತೇಲುವುದು ಪಾಲಿಥೀನ್, ಮುಳುಗುವುದು ಬೇರೆ ಎಂದು ವಿಂಗಡಿಸುತ್ತಾರೆ. ಫಿಲ್ಲರ್ ಹೆಚ್ಚಿದ ಫಿಲ್ಮ್ ಅಲ್ಲಿ ತಪ್ಪು ರಾಶಿಗೆ ಬೀಳುತ್ತದೆ. ಕೊಳ್ಳುವವರಿಗೂ ಇದೇ ಲೆಕ್ಕ: 50 ಮೈಕ್ರಾನಿನ ಶುದ್ಧ ಪಾಲಿಥೀನ್ ಹಾಳೆ ಕಿಲೋಗೆ ಸುಮಾರು 21.7 ಚದರ ಮೀಟರ್ ಸಿಕ್ಕರೆ, ಶೇ. 20 ಪುಡಿ ಬೆರೆಸಿದ್ದು ಸಿಗುವುದು 18.9 ಮಾತ್ರ. ಹಾಳೆಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವ ರೈತರು, ಅಂಗಡಿಯವರು ದರ ಒಪ್ಪುವ ಮೊದಲು ಕಿಲೋಗೆ ಎಷ್ಟು ಚದರ ಮೀಟರ್ ಬರುತ್ತದೆಂದು ಕೇಳಿಕೊಳ್ಳಲಿ.