ಅಂಗವೈಕಲ್ಯವುಳ್ಳ ಮಕ್ಕಳಿಗೆ ಕಲಾ ಚಿಕಿತ್ಸೆ: ಇತಿಹಾಸ

ಚಿತ್ರ ಬರೆಯುವುದು, ಬಣ್ಣ ಹಚ್ಚುವುದು, ಜೇಡಿಮಣ್ಣಿನಲ್ಲಿ ಆಕೃತಿ ಮಾಡುವುದು ಮುಂತಾದ ಕೆಲಸಗಳ ಮೂಲಕ, ತರಬೇತಿ ಪಡೆದ ಚಿಕಿತ್ಸಕರ ನೆರವಿನಿಂದ, ಮಾತಿಗೆ ಸಿಗದ ತಳಮಳವನ್ನು ಹೊರಹಾಕಲು ಅವಕಾಶ ಕಲ್ಪಿಸುವ ಪದ್ಧತಿಯೇ ಕಲಾ ಚಿಕಿತ್ಸೆ. ಈ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು, ತಾನೇ ಕ್ಷಯರೋಗಿಯಾಗಿ ಆರೋಗ್ಯಧಾಮ ಸೇರಿದ್ದ ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್. ಆದರೆ ಅಂಗವೈಕಲ್ಯವುಳ್ಳ ಮಕ್ಕಳ ಮಟ್ಟಿಗೆ ಇದರ ಬೇರುಗಳಿರುವುದು ಆಸ್ಪತ್ರೆಗಳಿಗಿಂತ ಹೆಚ್ಚಾಗಿ ವಿಯೆನ್ನಾದ ತರಗತಿಗಳಲ್ಲಿ.

ಅಲ್ಲಿನ ಹೋಹೆ ವಾರ್ಟೆ ಅಂಧರ ಸಂಸ್ಥೆಯಲ್ಲಿ ಕಲಾಶಿಕ್ಷಕನಾಗಿದ್ದ ವಿಕ್ಟರ್ ಲೋವೆನ್‌ಫೆಲ್ಡ್ (1903–1960), ದೃಷ್ಟಿಹೀನ ಮಕ್ಕಳು ಮಣ್ಣಿನಲ್ಲಿ ಮುಖವನ್ನು ರೂಪಿಸುವ ಕ್ರಮವನ್ನು ಹತ್ತಿರದಿಂದ ಗಮನಿಸಿದ. ಮೊದಲು ಕಣ್ಣಿನ ಕುಳಿ ತೋಡಿ, ಅದರೊಳಗೆ ಗುಡ್ಡೆಯನ್ನಿಟ್ಟು, ಆಮೇಲೆ ಅದರ ಮೇಲೆ ರೆಪ್ಪೆಯನ್ನು ಎಳೆಯುವ ಈ ಕ್ರಮ, ಕಂಡದ್ದರ ನಕಲಾಗಿರದೆ ಮೈಯೊಳಗಿನ ಅನುಭವದಿಂದ ಹುಟ್ಟಿದ್ದೆಂದು ಆತ ವಾದಿಸಿ, ದೃಷ್ಟಿಯನ್ನು ನೆಚ್ಚಿದ ಸೃಷ್ಟಿ ಮತ್ತು ಸ್ಪರ್ಶ ಹಾಗೂ ದೇಹಾನುಭವವನ್ನು ನೆಚ್ಚಿದ ಸೃಷ್ಟಿ ಎಂಬ ಎರಡು ಬಗೆಗಳನ್ನು ಗುರುತಿಸಿದ. ಕಣ್ಣಿದ್ದವರಲ್ಲಿಯೂ ಎರಡನೆಯ ಬಗೆಯವರಿದ್ದಾರೆಂಬ ಆತನ ಮಾತು, ದೃಷ್ಟಿಯಿಲ್ಲದ ಮಗುವಿನ ಕೃತಿಯನ್ನು ಕೊರತೆಯ ಕುರುಹೆಂದು ನೋಡುವ ರೂಢಿಯನ್ನೇ ಅಲುಗಾಡಿಸಿತು. ನಾಜಿಗಳ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಹೋದ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಕಲಾಶಿಕ್ಷಣ ಗ್ರಂಥ ದೀರ್ಘಕಾಲ ಶಿಕ್ಷಕರ ಕೈಪಿಡಿಯಾಗಿತ್ತು. ಸಿದ್ಧ ಗೆರೆಗಳೊಳಗೆ ಬಣ್ಣ ತುಂಬಿಸುವ ಪುಸ್ತಕಗಳನ್ನು ಆತ ಕಟುವಾಗಿ ವಿರೋಧಿಸಿದ.

ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಮಾರ್ಗರೆಟ್ ನೌಮ್‌ಬರ್ಗ್ (1890–1983) ಮನೋವೈದ್ಯಕೀಯ ಸಂಸ್ಥೆಯೊಂದರ ಮಕ್ಕಳೊಂದಿಗೆ ಕೆಲಸ ಮಾಡಿ, ಚಿತ್ರವೆಂಬುದು ಸುಪ್ತಮನಸ್ಸಿನ ಸಾಂಕೇತಿಕ ಭಾಷೆಯೆಂಬ, ಮನೋವಿಶ್ಲೇಷಣೆಯನ್ನು ಆಧರಿಸಿದ ನಿಲುವನ್ನು ಮಂಡಿಸಿದಳು. ಇದಕ್ಕೆ ಭಿನ್ನವಾಗಿ, ವಿಯೆನ್ನಾದಲ್ಲಿ ಹುಟ್ಟಿದ ಎಡಿತ್ ಕ್ರಾಮರ್ (1916–2014), ಗುಣಪಡಿಸುವ ಶಕ್ತಿ ಚಿತ್ರದ ಅರ್ಥ ಬಿಡಿಸುವುದರಲ್ಲಿಲ್ಲ, ರಚಿಸುವ ಕ್ರಿಯೆಯಲ್ಲೇ ಇದೆ ಎಂದಳು. ಈಕೆಯ ಗುರು ಫ್ರೀಡ್ಲ್ ಡಿಕರ್ ಬ್ರಾಂಡೈಸ್, ಟೆರೆಜಿನ್ ಬಂದಿಶಿಬಿರದಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸಿ, 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಲೆಯಾದಳು. ಆ ಮಕ್ಕಳ ಸಾವಿರಾರು ಚಿತ್ರಗಳು ಇಂದಿಗೂ ಪ್ರಾಗ್‌ನಲ್ಲಿ ಉಳಿದಿವೆ. ನ್ಯೂಯಾರ್ಕಿನಲ್ಲಿ ದೃಷ್ಟಿಹೀನ ಮಕ್ಕಳೊಂದಿಗೂ ದುಡಿದ ಕ್ರಾಮರ್ ರೂಪಿಸಿದ ‘ಮೂರನೆಯ ಕೈ’ ಎಂಬ ಪರಿಕಲ್ಪನೆ, ಮಗುವಿನ ಆಶಯವನ್ನು ತಿದ್ದದೆ, ತನ್ನ ಅಭಿರುಚಿಯನ್ನು ಹೇರದೆ ಕೃತಿ ಪೂರ್ಣಗೊಳ್ಳಲು ಚಿಕಿತ್ಸಕ ನೀಡುವ ನೆರವನ್ನು ಸೂಚಿಸುತ್ತದೆ. ಬೆರಳುಗಳ ಹಿಡಿತ ಸಾಲದ ಮಗುವಿಗೆ ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡುವುದು, ಕಾಗದ ಜಾರದಂತೆ ಮೇಜಿಗೆ ಅಂಟಿಸುವುದು ಇಂಥ ನೆರವೇ ಆಗುತ್ತದೆ. ಮಗುವಿನ ಕೈಹಿಡಿದು ಗೆರೆ ಎಳೆಸುವುದು ಇಂಥ ನೆರವಾಗಲಾರದು.

ಬ್ರಿಟನ್ನಿನಲ್ಲಿ 1964ರಲ್ಲಿ, ಅಮೆರಿಕದಲ್ಲಿ 1969ರಲ್ಲಿ ಕಲಾ ಚಿಕಿತ್ಸಕರ ಸಂಘಗಳು ಸ್ಥಾಪನೆಯಾದವು. ಅಂಗವೈಕಲ್ಯವುಳ್ಳ ಮಕ್ಕಳಿಗೆ ಸಾರ್ವಜನಿಕ ಶಿಕ್ಷಣದ ಹಕ್ಕನ್ನಿತ್ತ 1975ರ ಅಮೆರಿಕದ ಕಾನೂನಿನ ನಂತರ ಪ್ರತ್ಯೇಕ ಸಂಸ್ಥೆಗಳ ಜೊತೆಗೆ ಸಾಮಾನ್ಯ ಶಾಲೆಗಳೂ ಈ ಕೆಲಸದ ನೆಲೆಯಾದವು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿ, ಅಂಗವಿಕಲರ ಸೃಜನಶಕ್ತಿಯ ಬೆಳವಣಿಗೆ ಅವರ ಸ್ವಂತ ಲಾಭಕ್ಕಷ್ಟೇ ಅಲ್ಲದೆ ಸಮಾಜದ ಸಮೃದ್ಧಿಗೂ ಅಗತ್ಯವೆಂದಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 29ನೆಯ ಪ್ರಕರಣವೂ ಕಲೆಯನ್ನು ಅವರಿಗೆ ನಿಲುಕುವಂತೆ ಮಾಡುವ ಹೊಣೆಯನ್ನು ಸರ್ಕಾರಗಳ ಮೇಲಿರಿಸಿದೆ. ಈ ಎರಡೂ ಕಲೆಯನ್ನು ಕಾಣುವುದು ಚಿಕಿತ್ಸೆಯಾಗಿ ಅಲ್ಲ, ಹಕ್ಕಾಗಿ.